ಬಿಸ್ಕತ್ತಿನ ಡಬ್ಬದ ಮುಚ್ಚಳ

ನಮ್ಮ ಮನೆಯ ಕೋಡುಬಳೆ ಬೇಗ ಮೆತ್ತಗಾಗುತ್ತೆ. ಮೊದಲೇ ಹೇಳಿಬಿಡ್ತೀನಿ, ತಪ್ಪು ನನ್ನ ಕೈಯದ್ದಲ್ಲ. ನಾನು ಹದವಾಗಿ ಹಿಟ್ಟು ಕಲಸಿ, ಸಣ್ಣ ಉರಿಯಲ್ಲಿ ಕರಿದು ತೆಗೆದ ಕೋಡುಬಳೆ ಮುರಿದರೆ ಸದ್ದು ಪಕ್ಕದ ಮನೆಗೆ ಕೇಳುತ್ತೆ. ತಪ್ಪು ಡಬ್ಬದ್ದು. ಅದೊಂದು ದುಂಡನೆಯ ನೀಲಿ ತಗಡಿನ ಬಿಸ್ಕತ್ತಿನ ಡಬ್ಬ. ಮೇಲೆ ಗಾಳಿಗಿರಣಿಯ ಚಿತ್ರ ಇತ್ತು, ರೆಕ್ಕೆಗಳೆಲ್ಲ ಸವೆದು ಈಗ ಮೋಟು ಕಂಬವಷ್ಟೇ ಉಳಿದಿದೆ. ಮುಚ್ಚಳ ಒಂದು ಕಡೆ ನೆಗ್ಗಿದೆ. ಈ ಕಡೆ ಒತ್ತಿದರೆ ಆ ಕಡೆ ಏಳುತ್ತೆ, ಆ ಕಡೆ ಒತ್ತಿದರೆ ಈ ಕಡೆ ಏಳುತ್ತೆ.

ಮಗಳು ಸ್ಮಿತಾ ಬಂದಾಗಲೆಲ್ಲ ಇದೇ ರಾಗ. "ಅಮ್ಮಾ, ಪ್ಲೀಸ್, ಏರ್‌ಟೈಟ್ ಡಬ್ಬ ತಂದುಕೊಡ್ತೀನಿ, ಇದನ್ನ ಆಚೆ ಹಾಕು."

"ನಿನ್ನನ್ನ ಬೇಕಾದ್ರೆ ಆಚೆ ಹಾಕ್ತೀನಿ, ಡಬ್ಬಾನ ಹಾಕಲ್ಲ," ಅಂತೀನಿ. ಅವಳು ನಕ್ಕು ಮೆತ್ತಗಿನ ಕೋಡುಬಳೆಯನ್ನೇ ತಿಂದು ಹೋಗ್ತಾಳೆ. ಡಬ್ಬದ ಕಥೆ ಅವಳಿಗೂ ಗೊತ್ತು, ಅದರಲ್ಲಿ ಅವಳೂ ಇದ್ದಾಳೆ.

ಆ ಡಬ್ಬವನ್ನು ನಾನು ಮೊದಲು ಕಂಡದ್ದು ಕುವೈತಿನ ಅಬು ಹಲೀಫಾದಲ್ಲಿ, ತೊಂಬತ್ತನೇ ಇಸವಿಯ ಶುರುವಿನಲ್ಲಿ. ನನ್ನದೇ ಆದದ್ದು ಎಷ್ಟೋ ವರ್ಷದ ಮೇಲೆ, ಅದರ ಒಡೆಯರು ಕುವೈತ್ ಬಿಟ್ಟು ಊರಿಗೆ ಹೊರಟಾಗ. ನಮ್ಮವರು ಅಹ್ಮದಿಯಲ್ಲಿ ಎಣ್ಣೆ ಕಂಪನಿಯ ಎಂಜಿನಿಯರು. ಸಮುದ್ರದ ಕಡೆಗೆ ಮುಖ ಮಾಡಿದ ಕಟ್ಟಡದಲ್ಲಿ ನಮ್ಮ ಫ್ಲಾಟು. ನಮ್ಮ ತಲೆಯ ಮೇಲಿನ ಮನೆಗೆ ಹಾಲೆಂಡಿನಿಂದ ಗಂಡ ಹೆಂಡತಿ ಬಂದಿದ್ದರು, ಪೀಟರ್ ಮತ್ತು ಮಾರ್ಗ್ರೀಟ್. ಪೀಟರ್ ಇವರ ಜೊತೆಯಲ್ಲೇ ಕೆಲಸಕ್ಕಿದ್ದ, ಐವತ್ತರ ಆಸುಪಾಸು, ತೆಂಗಿನ ಮರದಷ್ಟು ಎತ್ತರ. ಅವರ ಮಕ್ಕಳು ದೊಡ್ಡವರಾಗಿ ಊರಲ್ಲೇ ಇದ್ದರು. ಬಂದು ಸ್ವಲ್ಪ ದಿನಕ್ಕೇ ಮಾರ್ಗ್ರೀಟ್ ಕೆಳಗಿಳಿದು ಬಂದು, "ಶುಕ್ರವಾರ ನಾಲ್ಕು ಗಂಟೆಗೆ ಕಾಫಿಗೆ ಬನ್ನಿ," ಅಂತ ಇಂಗ್ಲಿಷಿನಲ್ಲಿ ಕರೆದು ಹೋದಳು.

ಕಾಫಿಗೆ ಅಂದರೆ ನಮ್ಮ ಲೆಕ್ಕದಲ್ಲಿ ಏನು? ಒಂದು ಸಿಹಿ, ಒಂದು ಖಾರ, ಒಂದು ಬಿಸಿ ತಿಂಡಿ, ಆಮೇಲೆ ಕಾಫಿ. ಹಾಗಂತ ಮಧ್ಯಾಹ್ನ ಮೂರೂ ಜನ ಮೊಸರನ್ನದಲ್ಲಿ ಮುಗಿಸಿದೆವು. ಕರೆದ ಹೊತ್ತಿಗೇ ಹೋದರೆ ಕಾದುಕೊಂಡು ಕೂತಿದ್ದವರ ಹಾಗೆ ಕಾಣುತ್ತೆ ಅಂತ ಐದರ ಹತ್ತಿರ ಹೋದೆವು. ಬಾಗಿಲು ತೆರೆದ ಮಾರ್ಗ್ರೀಟ್ ಮೊದಲು ನೋಡಿದ್ದು ನನ್ನ ಮೈಸೂರು ಸಿಲ್ಕ್ ಸೀರೆಯನ್ನಲ್ಲ, ಗಡಿಯಾರವನ್ನು.

"ಕಾಫಿ ಕುಡೀತೀರಾ?"

"ಅಯ್ಯೋ ಬೇಡ ಬೇಡ, ಈಗ ತಾನೇ ಕುಡಿದು ಬಂದ್ವಿ," ಅಂದೆ. ಹಾಗನ್ನಬೇಕಲ್ಲ! ಕೇಳಿದ ತಕ್ಷಣ ಕೊಡಿ ಅನ್ನೋಕೆ ನಾವೇನು ಕಾಫಿ ಕಾಣದವರಾ?

"ಸರಿ," ಅಂದಳು ಆ ಮಹಾತಾಯಿ. ಒಳಗೆ ಹೋಗಿ ಎರಡೇ ಎರಡು ಕಪ್ ಕಾಫಿ ತಂದಳು. ಒಂದು ಪೀಟರ್‌ಗೆ, ಒಂದು ತನಗೆ. ಇಬ್ಬರೂ ನಮ್ಮೆದುರಿಗೆ ಆರಾಮಾಗಿ ಕೂತು ಕುಡಿದರು. ಆ ಕಾಫಿಯ ಘಮ ಮೂಗಿಗೆ ಬಡಿಯುತ್ತಿದ್ದರೆ ಇವರು ನನ್ನನ್ನು ನೋಡಿದರು, ನಾನು ಸೂರು ನೋಡಿದೆ. ಆಮೇಲೆ ಬಂತು ನೀಲಿ ಡಬ್ಬ. ಮುಚ್ಚಳ ತೆಗೆದು ಒಬ್ಬೊಬ್ಬರ ಮುಂದೆ ಹಿಡಿದಳು. ಒಬ್ಬೊಬ್ಬರೂ ಒಂದೊಂದು ಬಿಸ್ಕತ್ತು ತೆಗೆದುಕೊಂಡೆವು. ಟಪ್ ಅಂತ ಮುಚ್ಚಳ ಹಾಕಿ ಡಬ್ಬವನ್ನು ಬೀರುವಿನ ಮೇಲಿಟ್ಟಳು. ಸ್ಮಿತಾಗೆ ಆಗ ಎಂಟು ವರ್ಷ. "ಕೆನ್ ಐ ಹ್ಯಾವ್ ಒನ್ ಮೋರ್?" ಅಂತ ಬಾಯಿ ತೆರೆದಳು. ತೊಡೆಗೆ ಚಿವುಟಿದೆ, ತೆರೆದ ಬಾಯಿ ಮುಚ್ಚಿತು.

ಮನೆಗೆ ಬಂದವಳೇ ಬಾಣಲೆ ಇಟ್ಟು ಉಪ್ಪಿಟ್ಟು ಕೆದಕಿದೆ. ಇವರು ತಟ್ಟೆ ಹಿಡಿದು ನಿಂತುಕೊಂಡೇ, "ಅಷ್ಟು ಸಂಬಳ ತಗೋತಾನೆ, ಒಂದೇ ಒಂದು ಬಿಸ್ಕತ್ತಾ? ಅಬ್ಬಬ್ಬಾ, ಎಂಥಾ ಜಿಪುಣರೇ!" ಅಂತ ನಕ್ಕರು. ನನಗೆ ನಗು ಬರಲಿಲ್ಲ. ಮೈಯೆಲ್ಲ ಉರಿ. ಉಪಚಾರ ಅಂದರೆ ಏನು ಅಂತ ಇವರಿಗೆ ತೋರಿಸದಿದ್ದರೆ ನಾನು ನಮ್ಮಮ್ಮನ ಮಗಳೇ ಅಲ್ಲ ಅಂದುಕೊಂಡೆ.

ತೋರಿಸಿದೆ. ಮುಂದಿನ ತಿಂಗಳು ಊಟಕ್ಕೆ ಕರೆದೆ. ನಾಲ್ಕು ಪಲ್ಯ, ಎರಡು ಕೋಸಂಬರಿ, ಚಿತ್ರಾನ್ನ, ಹೋಳಿಗೆ. ಪೀಟರ್ ಮೊದಲ ಹೋಳಿಗೆ ಮುಗಿಸಿ, "ಸಾಕು, ತುಂಬಾ ಚೆನ್ನಾಗಿತ್ತು," ಅಂದ. "ಏನು ಸಾಕು, ಇಷ್ಟು ದೊಡ್ಡ ಆಳು! ಸ್ವಲ್ಪೇ ಸ್ವಲ್ಪ," ಅಂತ ಇನ್ನೊಂದು ಹಾಕಿದೆ. ತಿಂದ. ಮತ್ತೊಂದು ಹಾಕಿ ತುಪ್ಪ ಸುರಿದೆ. ಬೇಡ ಅಂದ, ಹಾಕಿದೆ, ತಿಂದ. ಮುಖ ಕೆಂಪಗಾಯ್ತು, ಕಿವಿ ಕೆಂಪಗಾಯ್ತು. ತಟ್ಟೆಯಲ್ಲಿ ಒಂದು ಅಗುಳು ಬಿಡಲಿಲ್ಲ. ನಾನು ಗೆದ್ದೆ ಅಂತ ಬೀಗಿದೆ. ಮಾರನೆಯ ದಿನ ಇವರು ಆಫೀಸಿನಿಂದ ಬಂದು, "ಪೀಟರ್ ರಜೆ ಹಾಕಿದಾನೆ ಕಣೇ, ಹೊಟ್ಟೆ ಸರಿ ಇಲ್ವಂತೆ," ಅಂದರು.

ಆವತ್ತು ಸಂಜೆ ಮಾರ್ಗ್ರೀಟ್ ಬಂದಳು, ಮೊದಲು ಫೋನ್ ಮಾಡಿ ಕೇಳಿಕೊಂಡೇ ಬಂದಳು ಅನ್ನಿ. ಕೂತವಳೇ ನೇರವಾಗಿ ಕೇಳಿದಳು, "ಅವನು ಸಾಕು ಅಂದರೂ ಯಾಕೆ ಹಾಕಿದೆ? ಅವತ್ತು ನೀನು ಕಾಫಿ ಬೇಡ ಅಂದಾಗ ನಿಜವಾಗಿ ನಿನಗೆ ಬೇಕಿತ್ತಾ?"

ಹೀಗೆ ಮುಖಕ್ಕೆ ಹೊಡೆದ ಹಾಗೆ ಕೇಳಿದರೆ ಯಾರು ತಾನೆ ಸುಳ್ಳು ಹೇಳ್ತಾರೆ? "ಬೇಕಿತ್ತು," ಅಂದೆ.

"ಮತ್ತೆ ಯಾಕೆ ಬೇಡ ಅಂದೆ?"

"ನೀನು ಇನ್ನೊಂದು ಸಲ ಕೇಳ್ತೀಯ ಅಂತ."

ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನೂ ನಕ್ಕೆ. ಆಮೇಲೆ ಅವಳು ಒಂದು ಮಾತು ಹೇಳಿದಳು. ಪೀಟರ್ ತೀರಾ ಚಿಕ್ಕವನಿದ್ದಾಗ ಅವರ ದೇಶದಲ್ಲಿ ಯುದ್ಧ. ಕೊನೆಯ ಚಳಿಗಾಲದಲ್ಲಿ ಜನ ಹೂವಿನ ಗಿಡದ ಗೆಡ್ಡೆ ಬೇಯಿಸಿ ತಿಂದರಂತೆ. ಪೀಟರ್‌ನ ತಾಯಿ ಡಬ್ಬದಿಂದ ಮಕ್ಕಳಿಗೆ ಒಂದೊಂದೇ ರೊಟ್ಟಿಯ ಚೂರು ತೆಗೆದುಕೊಟ್ಟು ಮುಚ್ಚಳ ಹಾಕುತ್ತಿದ್ದಳಂತೆ. "ಎಲ್ಲರಿಗೂ ಸಮನಾಗಿ ಸಿಗಬೇಕು, ನಾಳೆಗೂ ಇರಬೇಕು. ಅದಕ್ಕೇ ಅವನು ತಟ್ಟೆಯಲ್ಲಿ ಏನೂ ಬಿಡಲ್ಲ. ನೀನು ಹಾಕಿದರೆ ಸಾಯೋವರೆಗೂ ತಿಂತಾನೆ," ಅಂದಳು.

ನನಗೆ ನಮ್ಮಮ್ಮ ನೆನಪಾದಳು. ಮೈಸೂರಿನಲ್ಲಿ ನಮ್ಮದು ಒಠಾರದ ಮನೆ, ರೇಷನ್ ಅಕ್ಕಿಯ ಕಾಲ. ಹೇಳದೆ ಕೇಳದೆ ನೆಂಟರು ಬರೋರು. ಬಂದವರು ಬಾಗಿಲಲ್ಲೇ, "ನಮ್ಮದು ಊಟ ಆಯ್ತು," ಅನ್ನೋರು. ಆಗಿರುತ್ತಿರಲಿಲ್ಲ. ಡಬ್ಬದಲ್ಲಿ ಅಕ್ಕಿ ಇಲ್ಲದಿದ್ದರೆ ನಮ್ಮಮ್ಮನಿಗೆ ಅವಮಾನ ಆಗಬಾರದು ಅಂತ ಹಾಗನ್ನೋರು. ಅಮ್ಮ ಬಲವಂತ ಮಾಡೋಳು. ಬಲವಂತದ ಅರ್ಥ ಇಷ್ಟೇ: ಇದೆ, ಸಂಕೋಚ ಬೇಡ, ತಗೊಳ್ಳಿ. ನಮ್ಮ ಉಪಚಾರ ಹುಟ್ಟಿದ್ದೂ ಖಾಲಿ ಪಾತ್ರೆಯಿಂದ, ಅವರ ಮುಚ್ಚಳ ಹುಟ್ಟಿದ್ದೂ ಖಾಲಿ ಪಾತ್ರೆಯಿಂದ. ಇದನ್ನು ಇವರಿಗೆ ಹೇಳಿದರೆ, "ಅದೆಲ್ಲ ಸರಿ, ಮುಂದಿನ ಸಲ ಕಾಫಿ ಬೇಕು ಅನ್ನು," ಅಂದರು.

ಆಮೇಲಿನ ತಿಂಗಳುಗಳು ನನಗೆ ಒಂದು ಯೂರೋಪ್ ಪ್ರವಾಸವಾದ ಹಾಗೆ, ಅದೂ ಒಂದು ಮಹಡಿ ಹತ್ತಿ ಇಳಿದದ್ದರಲ್ಲಿ. ಆ ಮನೆಯಲ್ಲಿ ಗಂಡ ತನ್ನ ಷರಟು ತಾನೇ ಇಸ್ತ್ರಿ ಮಾಡುತ್ತಿದ್ದ. ಇವರಿಗೆ ತೋರಿಸಲೆಂದೇ ಒಂದು ಸಲ ಕರೆದುಕೊಂಡು ಹೋದೆ, ಇವರು ಬೇಕಂತಲೇ ಸಮುದ್ರ ನೋಡಿದರು. ರಾತ್ರಿ ದೀಪ ಹಾಕಿದರೂ ಅವರು ಪರದೆ ಎಳೆಯುತ್ತಿರಲಿಲ್ಲ, ಮುಚ್ಚಿಡುವಂಥದ್ದು ಏನಿದೆ ಅನ್ನೋರು. ಹುಟ್ಟುಹಬ್ಬಗಳ ಕ್ಯಾಲೆಂಡರನ್ನು ಕಕ್ಕಸಿನ ಗೋಡೆಗೆ ನೇತುಹಾಕಿದ್ದರು. ಅದರಲ್ಲಿ ನಮ್ಮ ಸ್ಮಿತಾಳ ಹೆಸರು ಕಂಡು ನನಗೆ ಕೆಂಡ ಮೆಟ್ಟಿದ ಹಾಗಾಯ್ತು. ಲಕ್ಷ್ಮಿಯಂಥಾ ಮಗಳ ಹೆಸರು ಅಲ್ಲಿಯೇ? "ದಿನಾ ತಪ್ಪದೆ ಹೋಗೋ ಜಾಗ ಅದೊಂದೇ, ಅಲ್ಲಿದ್ದರೆ ಯಾರನ್ನೂ ಮರೆಯಲ್ಲ," ಅಂದಳು ಮಾರ್ಗ್ರೀಟ್.

ಇನ್ನೊಂದು ದಿನ ನನ್ನ ಉಪ್ಪಿಟ್ಟು ತಿಂದು, "ಉಪ್ಪು ಜಾಸ್ತಿ," ಅಂದಳು. ಮುಖದ ಮೇಲೆ! ಎರಡು ದಿನ ಮಾತು ಬಿಟ್ಟೆ. ಮೂರನೇ ದಿನ ಉಪ್ಪು ಕಮ್ಮಿ ಹಾಕಿದೆ. ಇವರು ತಿಂದು, "ಕೊನೆಗೂ ಯಾರೋ ಹೇಳಿದರಲ್ಲ, ಪುಣ್ಯಾತ್ಗಿತ್ತಿ," ಅಂದರು. ಮದುವೆಯಾದಾಗಿನಿಂದ ಉಪ್ಪು ಜಾಸ್ತಿಯ ಉಪ್ಪಿಟ್ಟು ತಿಂದು ತೆಪ್ಪಗಿದ್ದ ಮನುಷ್ಯ! ದಾಕ್ಷಿಣ್ಯ ಅನ್ನೋದು ಮನೆಯೊಳಗೂ ಇರುತ್ತೆ ಅಂತ ನನಗೆ ಗೊತ್ತಾದದ್ದು ಆಗಲೇ.

ಜುಲೈನಲ್ಲಿ ಮಾರ್ಗ್ರೀಟ್ ರಜೆಗೆ ಊರಿಗೆ ಹೊರಟಳು. ಹೋಗುವಾಗ ನೀಲಿ ಡಬ್ಬವನ್ನು ನನ್ನ ಕೈಗಿಟ್ಟು, "ಪೀಟರ್‌ಗೆ ಆಗಾಗ ಕೋಡುಬಳೆ ತುಂಬಿ ಕೊಡು. ನೋಡು, ಬೇಕು ಅಂತ ನಾನೇ ಕೇಳ್ತಾ ಇದ್ದೀನಿ," ಅಂದಳು. "ಹೋಗಿ ಬಾ, ಅವನನ್ನ ನಾನು ನೋಡ್ಕೋತೀನಿ," ಅಂದೆ. ಬಾಯಿಮಾತಿಗೆ ಅಂದದ್ದು. ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು.

ಬೆಳಗಾಗುವಷ್ಟರಲ್ಲಿ ದೇಶ ಬೇರೆಯವರದ್ದಾಗಿತ್ತು. ನಮ್ಮಂಥವರನ್ನು ಅವರು ಅಷ್ಟಾಗಿ ಮುಟ್ಟಲಿಲ್ಲ, ಬ್ರೆಡ್ಡಿಗೆ ಸಾಲು ನಿಲ್ಲಬಹುದಿತ್ತು, ಓಡಾಡಬಹುದಿತ್ತು. ಆದರೆ ಯೂರೋಪಿನವರನ್ನು, ಅಮೆರಿಕದವರನ್ನು ಹುಡುಕಿ ಹಿಡಿದು ಒಯ್ಯುತ್ತಿದ್ದರು. ಬಚ್ಚಿಟ್ಟವರಿಗೂ ಉಳಿಗಾಲವಿಲ್ಲ ಅಂತ ಸುದ್ದಿ. ಪೀಟರ್ ಒಬ್ಬನೇ ಮೇಲಿನ ಮನೆಯಲ್ಲಿದ್ದ. ಪರದೆಯನ್ನೇ ಎಳೆಯದವನು ಎಲ್ಲ ಪರದೆ ಎಳೆದು, ದೀಪ ಹಾಕದೆ, ಚಪ್ಪಲಿ ಸದ್ದು ಕೂಡ ಆಗದ ಹಾಗೆ ಕೂತಿದ್ದ. ಕಟ್ಟಡದೊಳಗಿನ ಫೋನು ಇನ್ನೂ ನಡೆಯುತ್ತಿತ್ತು. ಫೋನ್ ಮಾಡಿ, "ನಾನು ಮನೆಯಲ್ಲೇ ಇದೀನಿ. ನೀವು ಯಾರೂ ಮೇಲೆ ಬರಬೇಡಿ. ನನಗೆ ಏನೂ ಬೇಡ," ಅಂದ.

"ಬೇಡ ಅಂದನಲ್ಲೇ," ಅಂದರು ಇವರು. ಮುಖ ಬಾಡಿತ್ತು. "ಅವರಲ್ಲಿ ಬೇಡ ಅಂದ್ರೆ ಬೇಡ."

"ಅದು ಬಿಸ್ಕತ್ತಿಗೆ ಕಣ್ರೀ," ಅಂದೆ. ಊಟದ ಕ್ಯಾರಿಯರ್ ಹಿಡಿದು ಹೋದರೆ ಯಾರಿಗೋ ಊಟ ಹೋಗ್ತಾ ಇದೆ ಅಂತ ತಿಳಿಯುತ್ತೆ. ನೀಲಿ ಡಬ್ಬದ ತಳದಲ್ಲಿ ಚಪಾತಿ ಪಲ್ಯ ಇಟ್ಟು, ಬಟ್ಟೆ ಮುಚ್ಚಿ, ಮೇಲೆ ಕೋಡುಬಳೆ ಜೋಡಿಸಿ ಮಹಡಿ ಹತ್ತಿದೆ. ಪೀಟರ್ ಬಾಗಿಲನ್ನು ಒಂದು ಅಂಗುಲ ತೆರೆದ. ಗಡ್ಡ ಬಂದಿತ್ತು.

"ಬೇಡ ಅಂದಿದ್ದೆನಲ್ಲ."

"ಕೇಳಿಸ್ತು. ಈಗ ಎರಡನೇ ಸಲ ಕೇಳೋಕೆ ಬಂದಿದೀನಿ."

ಅವನು ಡಬ್ಬ ತಗೊಂಡ. ಆಮೇಲೆ ಅದೇ ದಿನಚರಿಯಾಯ್ತು.

ಒಂದು ಮಧ್ಯಾಹ್ನ ಡಬ್ಬ ಹಿಡಿದು ಅರ್ಧ ಮೆಟ್ಟಿಲು ಹತ್ತಿದ್ದೆ. ಕೆಳಗಿನಿಂದ ಬೂಟಿನ ಸದ್ದು. ಇಬ್ಬರು ಸೈನಿಕರು. ಮುಂದಿದ್ದವನು ಬಂದೂಕಿನ ತುದಿಯಿಂದ ಡಬ್ಬ ತೋರಿಸಿ ಏನೋ ಕೇಳಿದ. ನನ್ನ ಅರಬ್ಬಿ ಬಕಾಲಾ ಅಂಗಡಿಯಲ್ಲಿ ಮೊಟ್ಟೆ ಹಾಲು ಕೇಳುವಷ್ಟು. ಕೈ ತನ್ನ ಅಭ್ಯಾಸದಂತೆ ಮುಚ್ಚಳ ತೆಗೆಯಿತು. "ತಫದ್ದಲ್," ಅಂದೆ. ತಗೊಳ್ಳಿ ಅಂತ. ಗಲ್ಫಿನಲ್ಲಿ ಇರೋ ಯಾರಿಗಾದರೂ ಬರುವ ಮಾತು.

ಅವನು ಎದೆಯ ಮೇಲೆ ಕೈಯಿಟ್ಟು, "ಶುಕ್ರನ್, ಶುಕ್ರನ್," ಅಂತ, ಥ್ಯಾಂಕ್ಸ್, ಬೇಡ ಅನ್ನುವ ಹಾಗೆ ತಲೆಯಾಡಿಸಿದ. ಕಣ್ಣು ಮಾತ್ರ ಡಬ್ಬದ ಒಳಗಿತ್ತು. ನನಗೆ ತಟ್ಟನೆ ಗುರುತು ಸಿಕ್ಕಿತು. ಇದು ಪೀಟರ್‌ನ ಬೇಡ ಅಲ್ಲ, ಇದು ನಮ್ಮ ಕಡೆಯ ಬೇಡ! ಇಲ್ಲಿ ನನ್ನನ್ನು ಮೀರಿಸುವವರು ಯಾರಿದ್ದಾರೆ? "ತಫದ್ದಲ್, ತಫದ್ದಲ್, ಏನಪ್ಪ ಸಂಕೋಚ, ತಗೋ, ಹಸಿದಿದೀಯ," ಅಂತ ಅರಬ್ಬಿ, ಕನ್ನಡ ಎಲ್ಲ ಬೆರೆಸಿ ಡಬ್ಬವನ್ನು ಅವನ ಎದೆಗೇ ಹಿಡಿದೆ. ಒಂದು ತಗೊಂಡ. ಇನ್ನೊಂದು ಅಂದೆ, ತಗೊಂಡ. ಹಿಂದಿದ್ದವನಿಗೂ ಬಲವಂತ ಮಾಡಿದೆ. ಕೋಡುಬಳೆಯ ಮೆಣಸಿನಪುಡಿ ತನ್ನ ಕೆಲಸ ಮಾಡಿತು. ಇಬ್ಬರಿಗೂ ಕೆಮ್ಮು, ಕಣ್ಣಲ್ಲಿ ನೀರು. "ಅಯ್ಯೋ, ಬನ್ನಿ ಬನ್ನಿ, ನೀರು ಕುಡೀರಿ," ಅಂತ ಕೈಸನ್ನೆ ಮಾಡುತ್ತಾ ಅವರನ್ನು ಕೆಳಗೆ ನಮ್ಮ ಮನೆಗೆ ಕರೆದುಕೊಂಡು ಬಂದೆ. ನಮ್ಮವರು ಬಾಗಿಲಲ್ಲಿ ಸುಣ್ಣದ ಗೋಡೆಯಂತೆ ನಿಂತಿದ್ದರು. ಇಬ್ಬರೂ ಚೊಂಬುಗಟ್ಟಲೆ ನೀರು ಕುಡಿದು, "ಹಿಂದಿ, ಹಿಂದಿ, ಗುಡ್," ಅಂದು ಇಳಿದು ಹೋದರು. ಅಲ್ಲಿ ಭಾರತದವರನ್ನು ಹಾಗೇ ಕರೆಯೋದು. ಬೂಟಿನ ಸದ್ದು ಬೀದಿಗೆ ಸೇರಿದ ಮೇಲೆ ಬಾಗಿಲಲ್ಲೇ ನಿಂತು ಡಬ್ಬ ಮುಚ್ಚೋಕೆ ಹೋದೆ. ಮುಚ್ಚಳ ಜಾರಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಉರುಳಿ ನೆಲಕ್ಕೆ ಬಡಿದು ನೆಗ್ಗಿತು.

ಅವರು ಮತ್ತೆ ಬಂದರೆ? ಅವತ್ತೇ ಸಂಜೆ ನಮ್ಮವರಿಗೆ ಒಂದು ಬುದ್ಧಿ ಹೊಳೆಯಿತು, ಅವರ ಜೀವಮಾನದ ಒಳ್ಳೆಯ ಬುದ್ಧಿ. ನಮ್ಮ ಮನೆಯ ಹಳೇ ಚಪ್ಪಲಿಗಳನ್ನೆಲ್ಲ ತಂದು ಪೀಟರ್‌ನ ಬಾಗಿಲ ಮುಂದೆ ಬಿಟ್ಟರು. ನನ್ನ ಹವಾಯಿ ಚಪ್ಪಲಿ, ಅವರ ಬೆಲ್ಟ್ ಹರಿದ ಸ್ಯಾಂಡಲ್ಸು, ಸ್ಮಿತಾಳ ಗುಲಾಬಿ ಚಪ್ಪಲಿ. ಬಾಗಿಲಿಗೆ ಪ್ಲಾಸ್ಟಿಕ್ ಮಾವಿನೆಲೆಯ ತೋರಣ. ಯಾವ ಯೂರೋಪಿನವನ ಬಾಗಿಲ ಮುಂದೆ ಚಪ್ಪಲಿ ರಾಶಿ ಇರುತ್ತೆ ಹೇಳಿ? ನೋಡಿದವರು ತುಂಬಿದ ಹಿಂದಿ ಸಂಸಾರ ಅಂದುಕೊಳ್ಳಬೇಕು, ಹಾಗೆ ಮಾಡಿಬಿಟ್ಟರು.

ಆದರೆ ಎಷ್ಟು ದಿನ? ನಮ್ಮ ದೇಶದವರೆಲ್ಲ ಬಸ್ಸು ಹಿಡಿದು ಬಾಗ್ದಾದ್ ಮೇಲೆ ಅಮ್ಮಾನಿಗೆ, ಅಲ್ಲಿಂದ ವಿಮಾನದಲ್ಲಿ ಬೊಂಬಾಯಿಗೆ ಹೊರಟಿದ್ದರು. ನೆಲಮಹಡಿಯ ಶೆಟ್ರು, ಮಂಗಳೂರಿನ ಕಡೆಯವರು, ಹೋಟೆಲಿನಲ್ಲಿ ಮ್ಯಾನೇಜರು, ಬಸ್ಸಿಗೆ ಜನ ಕೂಡಿಸುತ್ತಿದ್ದರು. "ಎಂತ ಮಾರಾಯ್ರೆ, ಹೊರಡುದಾ ಇಲ್ವಾ? ಈಗ ಮೂರು ಸೀಟು ಉಂಟು. ಇನ್ನು ಅಮೆರಿಕದವರು ಯುದ್ಧ ಶುರು ಮಾಡಿದ್ರೆ ದೇವರೇ ಗತಿ. ಮಗುವಿನ ಮುಖ ನೋಡಿ," ಅಂದರು. ಇವರು ನನ್ನ ಮುಖ ನೋಡಿದರು. ಸ್ಮಿತಾ ಗುಂಡಿನ ಸದ್ದಿಗೆ ಹೆದರಿ ಮಂಚದ ಕೆಳಗೆ ಮಲಗೋಕೆ ಶುರು ಮಾಡಿದ್ದಳು. ಮಗಳನ್ನು ಉಳಿಸಿಕೊಳ್ಳಬೇಕು, ಮೇಲಿರುವವನನ್ನು ಹಸಿವಿಗೆ ಬಿಟ್ಟು ಹೋಗಬಾರದು. ಎರಡೂ ಒಟ್ಟಿಗೆ ಆಗುವ ದಾರಿ ನನಗೆ ಕಾಣಲಿಲ್ಲ. ಅವತ್ತು ಅಡುಗೆಮನೆಯಲ್ಲಿ ಕೂತು ಅತ್ತೆ.

ಡಬ್ಬ ತಗೊಂಡು ಹೋದಾಗ ಪೀಟರ್ ಕೇಳಿದ, "ಎಲ್ಲರೂ ಹೋಗ್ತಾ ಇದಾರೆ. ನೀವು?"

"ನಾವು ಹೋಗಲ್ಲ, ಏನು ಅವಸರ," ಅಂದೆ.

ಅವನು ನನ್ನನ್ನೇ ನೋಡಿದ. "ಇದು ನಿಮ್ಮ ಮೊದಲನೇ ಬೇಡ. ಅಲ್ವಾ?"

ನಾನು ಡಬ್ಬವನ್ನು ಅವನ ಕೈಗಿಟ್ಟೆ.

"ಹಾಗಿದ್ದರೆ ಮತ್ತೆ ಹೇಳ್ತೀನಿ. ಹೋಗಿ," ಅಂದ. "ಇಲ್ಲ," ಅಂದೆ. "ಸ್ಮಿತಾನ ಕರ್ಕೊಂಡು ಹೋಗಿ. ದಯವಿಟ್ಟು." ಬಲವಂತ ಮಾಡೋದು ಕಲಿತುಬಿಟ್ಟಿದ್ದ ಪಾಪಿ! ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೂಂ ಅಂದೆ. ಆಗ ಅವನು ತನ್ನ ಹಳೇ ರೀತಿಗೆ ಬಂದ. "ಈಗ ನನಗೆ ಏನು ಬೇಕು ಹೇಳ್ತೀನಿ. ಅಕ್ಕಿ ಬೇಕು, ಬೇಳೆ ಬೇಕು. ಸಾರು ಮಾಡೋದು ಕಲಿಸಬೇಕು. ಮತ್ತೆ ಒಂದು ಮಾತು, ಈಚೆಗೆ ನಿಮ್ಮ ಅಡುಗೆಗೆ ಉಪ್ಪು ಸಾಲದು."

ಆ ಯುದ್ಧದ ನಡುವೆ, ಮುಚ್ಚಿದ ಪರದೆಯ ಹಿಂದೆ ನಾನು ಅವನಿಗೆ ಸಾರು ಕಲಿಸಿದೆ. ಒಗ್ಗರಣೆಗೆ ಇಂಗು ಧಾರಾಳವಾಗಿ ಹಾಕು, ಆ ವಾಸನೆ ಮೆಟ್ಟಿಲಿಗೆ ಬಂದರೆ ಯಾರೂ ಅನುಮಾನ ಪಡಲ್ಲ ಅಂತ ಹೇಳಿಕೊಟ್ಟೆ. ನಮ್ಮ ಮನೆಯ ಅಕ್ಕಿ, ಬೇಳೆ, ಸಾರಿನ ಪುಡಿ, ಉಪ್ಪಿನಕಾಯಿ ಎಲ್ಲ ಮೇಲಕ್ಕೆ ಸಾಗಿಸಿದೆವು. ಹೊರಡುವ ಹಿಂದಿನ ದಿನ ಇದ್ದ ಹಿಟ್ಟೆಲ್ಲ ಕಲಸಿ ಕೋಡುಬಳೆ ಕರಿದು ನೀಲಿ ಡಬ್ಬದ ತುಂಬ ಒತ್ತಿ ಒತ್ತಿ ತುಂಬಿದೆ. ಅವನ ಕೈಗೆ ಕೊಟ್ಟಾಗ ನನ್ನ ಬಾಯಲ್ಲಿ ಬಂದ ಮಾತು ಕೇಳಿ ನನಗೇ ಎದೆ ಒಡೆದ ಹಾಗಾಯ್ತು. ಸ್ವಲ್ಪೇ ಸ್ವಲ್ಪ ಹಾಕ್ಕೋ ಅಂತ ಜೀವಮಾನವೆಲ್ಲ ಹೇಳಿದವಳು ನಾನು. "ದಿನಕ್ಕೆ ಒಂದೇ ತಿನ್ನು ಪೀಟರ್," ಅಂದೆ, "ತಿಂದ ತಕ್ಷಣ ಮುಚ್ಚಳ ಹಾಕು."

ಅವನು ತಲೆಯಾಡಿಸಿದ. ಮುಚ್ಚಳ ಸರಿಯಾಗಿ ಕೂರದಿದ್ದದ್ದಕ್ಕೆ ಮೇಲೊಂದು ದಪ್ಪ ಪುಸ್ತಕ ಇಟ್ಟ. ನಾವು ಇಳಿದು ಬಂದೆವು. ಚಪ್ಪಲಿಗಳು ಅಲ್ಲೇ ಇದ್ದವು.

ಮೈಸೂರಿನಲ್ಲಿ ತವರಿನವರು ಸಂಭ್ರಮದಿಂದ ಬಡಿಸಿದರೆ ತುತ್ತು ಎತ್ತೋಕೇ ಆಗುತ್ತಿರಲಿಲ್ಲ. ಅಮ್ಮ ಇನ್ನೊಂದು ಅನ್ನುತ್ತಿದ್ದಳು, ಬೇಡ ಅನ್ನುತ್ತಿದ್ದೆ, ಅದು ನಿಜವಾದ ಬೇಡವೇ ಆಗಿರುತ್ತಿತ್ತು. ಪರದೇಶದವರನ್ನೆಲ್ಲ ಬಿಡುತ್ತಾರಂತೆ ಅಂತ ಡಿಸೆಂಬರಿನಲ್ಲಿ ರೇಡಿಯೋದಲ್ಲಿ ಬಂತು. ಸ್ವಲ್ಪ ದಿನಕ್ಕೆ ಪಕ್ಕದ ಮನೆಗೆ, ಪೀಟರ್‌ಗೆ ಬರೆದುಕೊಟ್ಟು ಬಂದಿದ್ದ ನಂಬರಿಗೆ, ನನ್ನ ಹೆಸರಿಗೆ ಫೋನು. ಓಡಿದೆ. ಮಾರ್ಗ್ರೀಟ್!

"ಮನೆಗೆ ಬಂದ," ಅಂದಳು. "ಸಣ್ಣಗಾಗಿದಾನೆ. ಏನೋ ಒಂದು ಸೂಪ್ ಮಾಡ್ತಾನೆ, ಗಂಟಲು ಸುಟ್ಟುಹೋಗುತ್ತೆ. ಚೆನ್ನಾಗಿಲ್ಲ." ನಾನು ಫೋನ್ ಹಿಡಿದು ನಕ್ಕೆ, ಅತ್ತೆ, ಪಕ್ಕದ ಮನೆಯವರು ಗಾಬರಿಯಾಗಿ ನೀರು ತಂದರು.

ತೊಂಬತ್ತೊಂದರ ಕೊನೆಗೆ ಕಂಪನಿ ಮತ್ತೆ ಕರೆಸಿಕೊಂಡಿತು. ಎಣ್ಣೆ ಬಾವಿಗಳ ಬೆಂಕಿ ಆರಿತ್ತು, ಗೋಡೆಗಳ ಮಸಿ ಹೋಗಿರಲಿಲ್ಲ. ನಮ್ಮ ಮನೆಯಲ್ಲಿ ಫ್ಯಾನು, ಫ್ರಿಜ್ಜು, ಕೊನೆಗೆ ನಲ್ಲಿ ಕೂಡ ಕಿತ್ತುಕೊಂಡು ಹೋಗಿದ್ದರು. ನಾವು ಬಂದು ಇಳಿದ ವಾರವೇ, ನಮಗಿಂತ ಮೊದಲೇ ವಾಪಸು ಬಂದಿದ್ದ ಮೇಲಿನ ಮನೆಯವರ ಫೋನು. "ಶುಕ್ರವಾರ ನಾಲ್ಕು ಗಂಟೆಗೆ ಕಾಫಿಗೆ ಬನ್ನಿ."

ನಾಲ್ಕಕ್ಕೆ ಸರಿಯಾಗಿ ಹೋದೆವು. ಬಾಗಿಲ ಮುಂದೆ ನಮ್ಮ ಚಪ್ಪಲಿಗಳು ಸಾಲಾಗಿ ಇದ್ದವು, ದೋಚಿದವರಿಗೂ ಬೇಡವಾಗಿದ್ದ ನನ್ನ ಹವಾಯಿ ಚಪ್ಪಲಿ ಸಮೇತ. ಬಾಗಿಲು ತೆರೆದ ಮಾರ್ಗ್ರೀಟ್‌ಳ ತಲೆಗೂದಲಿನ್ನೂ ಒದ್ದೆ. "ನೀವು ಐದಕ್ಕೆ ಬರ್ತೀರ ಅಂದುಕೊಂಡಿದ್ದೆ!" ಅಂತ ತಬ್ಬಿಕೊಂಡಳು.

"ಕಾಫಿ?"

"ಬೇಕು," ಅಂದೆ.

ಅವಳ ಮುಖ ಸಪ್ಪಗಾಯ್ತು. "ಮೂರು ಸಲ ಕೇಳಬೇಕು ಅಂತ ತಯಾರಾಗಿದ್ದೆ," ಅಂದಳು. ಕಾಫಿ ಬಂತು, ಎಲ್ಲರಿಗೂ. ಹಿಂದೆಯೇ ಪೀಟರ್ ನೀಲಿ ಡಬ್ಬ ಹಿಡಿದು ಬಂದ. ಊರಿಗೆ ಹೋಗುವಾಗ ಬಟ್ಟೆ ಬಿಟ್ಟು ಡಬ್ಬ ತಗೊಂಡು ಹೋಗಿದ್ದನಂತೆ. ಒಬ್ಬೊಬ್ಬರ ಮುಂದೆ ಹಿಡಿದ. ಒಬ್ಬೊಬ್ಬರೂ ಒಂದೊಂದು ಬಿಸ್ಕತ್ತು ತಗೊಂಡೆವು. ಮಾರ್ಗ್ರೀಟ್‌ಳ ಕೈ ಅಭ್ಯಾಸದಂತೆ ಮುಚ್ಚಳದ ಕಡೆಗೆ ಹೋಯಿತು. ಪೀಟರ್ ಅದಕ್ಕೂ ಮೊದಲೇ ಮುಚ್ಚಳವನ್ನು ಎತ್ತಿ ತನ್ನ ಕುರ್ಚಿಯ ಕೆಳಗೆ ಇಟ್ಟುಬಿಟ್ಟ.

ಸ್ಮಿತಾ ಡಬ್ಬ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ನಾನು ಚಿವುಟಲಿಲ್ಲ. ಕೈ ಚಾಚಿ ಇನ್ನೊಂದು ಬಿಸ್ಕತ್ತು ನಾನೇ ತಗೊಂಡೆ, ಯಾರೂ ಕೇಳುವ ಮೊದಲೇ.

"ತಗೊಳ್ಳಿ," ಅಂದ ಪೀಟರ್, ಡಬ್ಬವನ್ನು ಮೇಜಿನ ನಡುವಿಗೆ ತಳ್ಳುತ್ತಾ. "ಇನ್ನೂ ಇದೆ."